ಲೈಬ್ರರಿ ಉಂಟು, ಆದರೂ ಲಿಂಕ್ ಆಗುವುದಿಲ್ಲ: ನನ್ನ ಅನುಭವ

ಹಳೇ ಯಕ್ಷಗಾನ ಪ್ರಸಂಗಗಳ ಸ್ಕ್ಯಾನ್ ಪುಟಗಳಿಂದ ಕನ್ನಡ ಪಠ್ಯ ತೆಗೆಯಲು ನಾನು ಟೆಸೆರಾಕ್ಟ್ ಎಂಬ ಪ್ರೋಗ್ರಾಂ ಬಳಸುತ್ತೇನೆ. ಮಂಗಳೂರಿನ ಮನೆಯ ಉಬುಂಟು ಕಂಪ್ಯೂಟರಿನಲ್ಲಿ ಅದರ 5ನೇ ಆವೃತ್ತಿಯನ್ನು ಸೋರ್ಸ್‌ನಿಂದಲೇ ಬಿಲ್ಡ್ ಮಾಡಿದೆ. ಇಡೀ ಫೋಲ್ಡರಿನ ಪುಟಗಳನ್ನು ಒಂದೇ ಸಲ ಓದಿಸುವ ಸಣ್ಣ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಒಂದನ್ನು ಉಡುಪಿಯ ಗೆಳೆಯ ಕೊಟ್ಟಿದ್ದ, ಮೇಕ್‌ಫೈಲ್ (ಬಿಲ್ಡ್ ಮಾಡುವ ಕಮಾಂಡುಗಳಿರುವ ಫೈಲ್) ಸಮೇತ. ಕಂಪೈಲ್ ಸಲೀಸಾಗಿ ಆಯ್ತು. ಕಂಪೈಲ್ ಆದ ಕೋಡನ್ನು ಲೈಬ್ರರಿಗಳ (ಸಿದ್ಧ ಫಂಕ್ಷನ್‌ಗಳ ಸಂಗ್ರಹ) ಜೊತೆ ಜೋಡಿಸುವ ಲಿಂಕ್ ಹಂತಕ್ಕೆ ಬಂದಾಗ ಸ್ಕ್ರೀನ್ ತುಂಬಾ ಎರರ್.

ಇಂಥ ಹೊತ್ತಲ್ಲಿ ಕೊನೆಯ ಸಾಲು ನೋಡಿ ಪ್ರಯೋಜನವಿಲ್ಲ. 'ಎಲ್‌ಡಿ ರಿಟರ್ನ್ಡ್ 1 ಎಕ್ಸಿಟ್ ಸ್ಟೇಟಸ್' (ಎಲ್‌ಡಿ ಅಂದರೆ ಲಿಂಕರ್) ಅಂತ ಹುಡುಕಿದರೆ ಏನೂ ಸಿಗಲ್ಲ, ಯಾಕಂದ್ರೆ ಲಿಂಕ್ ಯಾವ ಕಾರಣಕ್ಕೆ ಕೆಟ್ಟರೂ ಕೊನೆಗೆ ಬರುವುದು ಅದೇ ಸಾಲು. ಮೇಲಕ್ಕೆ ಹೋಗಿ ಮೊದಲನೇ ಎರರ್ ಓದಬೇಕು. ಇಲ್ಲಿ ಇದ್ದದ್ದು 'ಅನ್‌ಡಿಫೈನ್ಡ್ ರೆಫರೆನ್ಸ್ ಟು ಪಿಕ್ಸ್‌ರೀಡ್', ಅಂದರೆ ಪಿಕ್ಸ್‌ರೀಡ್ ಎಂಬ ಫಂಕ್ಷನ್ ಲಿಂಕರ್‌ಗೆ ಸಿಕ್ಕಿಲ್ಲ.

ಪಿಕ್ಸ್ ಅಂತ ಶುರುವಾದರೆ ಅದು ಲೆಪ್ಟೋನಿಕಾದ ಫಂಕ್ಷನ್. ಟೆಸೆರಾಕ್ಟ್ ಚಿತ್ರಗಳನ್ನು ಓದುವುದು ಈ ಲೈಬ್ರರಿಯ ಮೂಲಕವೇ. ಗೆಳೆಯನಿಗೆ ಫೋನ್ ಮಾಡಿದಾಗ ಅವನು ಕೇಳಿದ್ದು ಸರಿಯಾದ ಪ್ರಶ್ನೆ: "ಎಂತ ಮಾರಾಯಾ, ಲೈಬ್ರರಿ ಉಂಟಲ್ಲ, ಮತ್ತೆ ಯಾಕೆ ಸಿಗುವುದಿಲ್ಲ?"

ಊಹೆ ಮಾಡುತ್ತಾ ಕೂರುವ ಬದಲು, ಫೈಲಿನೊಳಗಿನ ಫಂಕ್ಷನ್ ಹೆಸರುಗಳನ್ನು ತೋರಿಸುವ ಎನ್‌ಎಮ್ ಕಮಾಂಡ್ ಓಡಿಸಿ. ಮೈನಸ್ ಕ್ಯಾಪಿಟಲ್ ಡಿ ಕೊಟ್ಟು ಲೆಪ್ಟೋನಿಕಾದ ಡಾಟ್ ಎಸ್‌ಒ ಫೈಲ್ (ಲೈಬ್ರರಿ ಇರುವ ಫೈಲ್) ಮೇಲೆ ಓಡಿಸಿ, ಗ್ರೆಪ್‌ನಿಂದ ಪಿಕ್ಸ್‌ರೀಡ್ ಹುಡುಕಿದೆ. ಪಿಕ್ಸ್‌ರೀಡ್ ಪಕ್ಕದಲ್ಲಿ 'ಟಿ' ಇತ್ತು. ಅಂದರೆ ಫಂಕ್ಷನ್ ಅಲ್ಲೇ ಉಂಟು. ('ಯು' ಅಂತ ಇದ್ದರೆ ಆ ಫೈಲಿಗೂ ಅದು ಬೇರೆ ಕಡೆಯಿಂದಲೇ ಬರಬೇಕು.) ಹಾಗಾದರೆ ತೊಂದರೆ ಇರುವುದು ಕಮಾಂಡಿನಲ್ಲಿ, ಅಲ್ವಾ? ಮೇಕ್‌ಫೈಲ್‌ನಲ್ಲಿ ಮೈನಸ್ ಎಲ್ ಕೊಟ್ಟು ಹೆಸರಿಸಿದ ಲೈಬ್ರರಿಗಳೆಲ್ಲ ಸೋರ್ಸ್ ಫೈಲಿಗಿಂತ ಮೊದಲೇ ಇದ್ದವು. ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದೆ. ಉಬುಂಟುವಿನಲ್ಲಿ 'ಆ್ಯಸ್ ನೀಡೆಡ್' ಆಯ್ಕೆ ಮೊದಲೇ ಆನ್ ಆಗಿರುವುದರಿಂದ, ಅಷ್ಟರವರೆಗೆ ಯಾರೂ ಕೇಳದ ಲೈಬ್ರರಿಯನ್ನು ಅದು ಬಿಟ್ಟುಬಿಡುತ್ತದೆ. ಲೈಬ್ರರಿಗಳನ್ನು ಸಾಲಿನ ಕೊನೆಗೆ ಹಾಕಿದೆ, ಲಿಂಕ್ ಆಯ್ತು.

ಓಡಿಸಿದರೆ ಮತ್ತೊಂದು ಎರರ್: ಲಿಬ್‌ಟೆಸೆರಾಕ್ಟ್ ಡಾಟ್ ಎಸ್‌ಒ ಡಾಟ್ 5 ತೆರೆಯಲಾಗುತ್ತಿಲ್ಲ. ಇದು ಲಿಂಕರ್‌ನ ಕೆಲಸ ಮುಗಿದ ಮೇಲೆ ಪ್ರೋಗ್ರಾಂ ಶುರುವಾಗುವಾಗ ಬರುವ ಎರರ್. ಯೂಸರ್ ಲೋಕಲ್ ಲಿಬ್‌ಗೆ ಹೊಸದಾಗಿ ಬಂದ ಲೈಬ್ರರಿ ಇನ್ನೂ ಕ್ಯಾಶ್‌ಗೆ (ಸಿಸ್ಟಮ್ ಇಟ್ಟುಕೊಳ್ಳುವ ಲೈಬ್ರರಿ ಪಟ್ಟಿಗೆ) ಸೇರಿರಲಿಲ್ಲ. ಆ ಪಟ್ಟಿಯನ್ನು ಹೊಸದು ಮಾಡುವ ಸುಡೋ ಎಲ್‌ಡಿಕಾನ್ಫಿಗ್ ಸಾಕಾಯ್ತು. ಲೈಬ್ರರಿ ಎಲ್ಲಿ ಹುಡುಕಬೇಕು ಅಂತ ಹೇಳುವ ಎಲ್‌ಡಿ ಲೈಬ್ರರಿ ಪಾಥ್ ಅನ್ನು ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗಲೆಲ್ಲ ಓಡುವ ಫೈಲ್) ಖಾಯಂ ಬರೆದಿಡುವುದು ನನಗೆ ಇಷ್ಟವಿಲ್ಲ, ಮುಂದೆ ಬೇರೆ ಪ್ರೋಗ್ರಾಂಗಳು ಸುಮ್ನೆ ತಪ್ಪು ಲೈಬ್ರರಿ ಹಿಡಿಯುತ್ತವೆ.

'ಕೆನಾಟ್ ಫೈಂಡ್ ಮೈನಸ್ ಎಲ್' ಅಂತ ಬಂದರೆ ಮಾತ್ರ ಪ್ಯಾಕೇಜ್ ಹುಡುಕಿ. ಹೆಚ್ಚಾಗಿ ಡೆವ್ ಪ್ಯಾಕೇಜ್ ಹಾಕಿರುವುದಿಲ್ಲ. ಲಿಂಕರ್‌ಗೆ ಬೇಕಾದ, ಆವೃತ್ತಿ ಸಂಖ್ಯೆ ಇಲ್ಲದ ಡಾಟ್ ಎಸ್‌ಒ ಹೆಸರು ಇರುವುದು ಅದರಲ್ಲೇ.

ಹಳೇ ಸಿ ಪ್ರಾಜೆಕ್ಟುಗಳಲ್ಲಿ 'ಮಲ್ಟಿಪಲ್ ಡೆಫಿನಿಷನ್' ಎರರ್ (ಒಂದೇ ಹೆಸರು ಎರಡು ಕಡೆ ಡಿಫೈನ್ ಆಗಿರುವುದು) ಜಾಸ್ತಿ. 2020ರಲ್ಲಿ ಬಂದ ಜಿಸಿಸಿ ಕಂಪೈಲರ್‌ನ 10ನೇ ಆವೃತ್ತಿಯಿಂದ 'ನೋ ಕಾಮನ್' ಆಯ್ಕೆ ಡಿಫಾಲ್ಟ್ ಆಗಿದೆ, ಹಾಗಾಗಿ ಹೆಡರ್‌ನಲ್ಲಿ ಎಕ್ಸ್‌ಟರ್ನ್ ಇಲ್ಲದೆ ಬರೆದ ಗ್ಲೋಬಲ್ ವೇರಿಯಬಲ್‌ಗಳು ಈಗ ಡಿಕ್ಕಿ ಹೊಡೆಯುತ್ತವೆ. ಅರ್ಜೆಂಟ್ ಇದ್ದರೆ 'ಎಫ್ ಕಾಮನ್' ಹಾಕಿ ಬಿಲ್ಡ್ ಮಾಡಿಕೊಳ್ಳಿ. ಆಮೇಲಾದರೂ ಹೆಡರ್‌ನಲ್ಲಿ ಎಕ್ಸ್‌ಟರ್ನ್ ಸೇರಿಸಿ, ವೇರಿಯಬಲ್ ಅನ್ನು ಒಂದೇ ಸಿ ಫೈಲಿನಲ್ಲಿ ಇಟ್ಟು, ಆ ಪ್ಯಾಚನ್ನು ಮೂಲ ಪ್ರಾಜೆಕ್ಟಿಗೆ ಕಳಿಸಿ.