ಒಂದೇ ಈವೆಂಟ್‌ಗೆ ಹಲವು ಕಾಲ್‌ಬ್ಯಾಕ್‌ಗಳಿದ್ದಾಗ

ಜಾವಾಸ್ಕ್ರಿಪ್ಟ್‌ನಲ್ಲಿ ಈವೆಂಟ್‌ನ (ಕ್ಲಿಕ್‌ನಂಥ ಘಟನೆಯ) ಹೆಸರಿಗೆ ಒಂದೇ ಕಾಲ್‌ಬ್ಯಾಕನ್ನು (ಆ ಘಟನೆ ನಡೆದಾಗ ಕರೆಯಬೇಕಾದ ಫಂಕ್ಷನ್ನನ್ನು) ಜೋಡಿಸಿ ಮ್ಯಾಪ್‌ನಲ್ಲಿ (ಹೆಸರು-ಮೌಲ್ಯಗಳ ಜೋಡಿಗಳ ಪಟ್ಟಿಯಲ್ಲಿ) ಇಟ್ಟರೆ, ಕೋಡ್‌ನ ಇನ್ನೊಂದು ಭಾಗ ಅದೇ ಹೆಸರಿಗೆ ಸಬ್‌ಸ್ಕ್ರೈಬ್ ಮಾಡಿದ (ತನ್ನ ಕಾಲ್‌ಬ್ಯಾಕನ್ನು ಸೇರಿಸಿದ) ಕೂಡಲೇ ಮೊದಲಿನದು ಅಳಿಸಿಹೋಗುತ್ತದೆ. ಎರರ್ ಏನೂ ಬರುವುದಿಲ್ಲವಾದ್ದರಿಂದ ಈ ತಪ್ಪು ಬಹಳ ದಿನ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪ್ರತಿ ಹೆಸರಿಗೂ ಒಂದು ಅರೇ (ಸಾಲುಪಟ್ಟಿ) ಇಟ್ಟು, ಹೊಸ ಕಾಲ್‌ಬ್ಯಾಕನ್ನು ಅದರ ಕೊನೆಗೆ ಸೇರಿಸಬೇಕು.

ಒಂದೇ ಫಂಕ್ಷನ್ ಎರಡು ಸಲ ಬಂದರೆ ಏನಾಗಬೇಕೆಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ಕಾಲ್‌ಬ್ಯಾಕ್ ಸೇರಿಸುವ ಬ್ರೌಸರ್‌ನ ಆಡ್‌ಈವೆಂಟ್‌ಲಿಸನರ್, ಎರಡೂ ಸಲ ಈವೆಂಟ್ ಮತ್ತು ಕ್ಯಾಪ್ಚರ್ ಆಯ್ಕೆ (ಈವೆಂಟ್ ಹೊರಗಿನಿಂದ ಒಳಗಿಳಿಯುವಾಗಲೇ ಕರೆಯಬೇಕೇ ಎಂಬುದು) ಅವೇ ಆಗಿದ್ದರೆ, ಅದನ್ನು ಒಮ್ಮೆ ಮಾತ್ರ ದಾಖಲಿಸುತ್ತದೆ. ಬ್ರೌಸರ್‌ನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಲ್ಲಿ ಇದೇ ಕೆಲಸ ಮಾಡುವ ಈವೆಂಟ್‌ಎಮಿಟರ್ ಎರಡು ಸಲ ಸೇರಿಸಿಕೊಂಡು ಎರಡು ಸಲವೂ ಕರೆಯುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಆಗ ಪ್ರತಿ ಸಬ್‌ಸ್ಕ್ರೈಬ್ ಕರೆಗೂ ಪ್ರತ್ಯೇಕ ದಾಖಲೆ ರಚಿಸಿ, ಆ ದಾಖಲೆಯನ್ನಷ್ಟೇ ತೆಗೆದುಹಾಕುವ ಫಂಕ್ಷನ್ನನ್ನು ಹಿಂದಿರುಗಿಸಬೇಕು. ಹೆಸರಿಲ್ಲದ ಫಂಕ್ಷನ್ನನ್ನು ತೆಗೆಯುವಾಗ ಮತ್ತೆ ಹಾಗೆಯೇ ಬರೆದು ಕೊಟ್ಟರೆ, ನೋಡಲು ಒಂದೇ ಆದರೂ ಜಾವಾಸ್ಕ್ರಿಪ್ಟ್‌ಗೆ ಅವು ಬೇರೆಬೇರೆ, ಹಾಗಾಗಿ ಹಳೆಯದು ಉಳಿದುಬಿಡುತ್ತದೆ. ಹಿಂದಿರುಗಿಸಿದ ಫಂಕ್ಷನ್ ಕೈಯಲ್ಲಿದ್ದರೆ ಈ ತೊಡಕೇ ಇರುವುದಿಲ್ಲ.

ಹೆಚ್ಚಿನ ಎಚ್ಚರ ಬೇಕಾಗುವುದು ಕಾಲ್‌ಬ್ಯಾಕ್‌ಗಳನ್ನು ಕರೆಯುವ ಲೂಪ್‌ನಲ್ಲಿ. 0, 1, 2ನೇ ಸ್ಥಾನಗಳಲ್ಲಿ ಮೂರು ಕಾಲ್‌ಬ್ಯಾಕ್‌ಗಳಿದ್ದು, ಮೊದಲನೆಯದು ಓಡುವಾಗಲೇ ತನ್ನನ್ನು ತೆಗೆದುಕೊಂಡಿತು ಎನ್ನಿ. ಎರಡನೆಯದು 0ಗೆ ಜರುಗುತ್ತದೆ, ಲೂಪ್ ಮಾತ್ರ 1ಕ್ಕೆ ಹೋಗಿ ಮೂರನೆಯದನ್ನು ಕರೆಯುತ್ತದೆ, ಎರಡನೆಯದು ತಪ್ಪಿಹೋಗುತ್ತದೆ. ಇದನ್ನು ತಡೆಯಲು ಅರೇಯ ನಕಲು ಮಾಡಿಕೊಂಡು ನಕಲಿನ ಮೇಲೆ ಲೂಪ್ ನಡೆಸಬೇಕು. ಆದರೂ ನಡುವೆ ಬೇರೊಬ್ಬರು ತೆಗೆಸಿದ ಕಾಲ್‌ಬ್ಯಾಕ್ ನಕಲಿನಲ್ಲಿ ಉಳಿದಿರುತ್ತದೆ. ಅನ್‌ಸಬ್‌ಸ್ಕ್ರೈಬ್ ಆದ ಮೇಲೆ ಯಾವ ಕರೆಯೂ ಬರಕೂಡದು ಎಂಬುದು ನಿಮ್ಮ ನಿಯಮವಾಗಿದ್ದರೆ, ದಾಖಲೆಯಲ್ಲಿ ಸಕ್ರಿಯ ಎಂಬ ಗುರುತನ್ನಿಟ್ಟು, ಕರೆಯುವ ಮುನ್ನ ಅದನ್ನು ಪರೀಕ್ಷಿಸಿ.

ಒಂದು ಕಾಲ್‌ಬ್ಯಾಕ್ ಎಕ್ಸೆಪ್ಷನ್ (ಎರರ್) ಎಸೆದರೆ ಈವೆಂಟ್‌ಎಮಿಟರ್‌ನಲ್ಲಿ ಉಳಿದವುಗಳ ಸರದಿ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಕೋಡ್‌ನಲ್ಲಿ ಪ್ರತಿ ಕರೆಯನ್ನೂ ಎರರನ್ನು ಹಿಡಿಯುವ ಪ್ರತ್ಯೇಕ ಟ್ರೈ-ಕ್ಯಾಚ್‌ನಲ್ಲಿಟ್ಟು, ಬಂದ ಎರರ್‌ಗಳನ್ನು ಕೂಡಿಟ್ಟುಕೊಂಡು, ಲೂಪ್ ಮುಗಿದ ಮೇಲೆ ತಪ್ಪದೆ ವರದಿ ಮಾಡಿ, ನುಂಗಿಹಾಕಬೇಡಿ.

ಈವೆಂಟ್‌ಎಮಿಟರ್‌ನಲ್ಲಿ ಒಂದೇ ಈವೆಂಟ್‌ಗೆ 10ಕ್ಕಿಂತ ಹೆಚ್ಚು ಕಾಲ್‌ಬ್ಯಾಕ್‌ಗಳು ಸೇರಿದರೆ ಮೆಮೊರಿ ಸೋರಿಕೆಯ (ಬೇಡವಾದವು ಮೆಮೊರಿಯಲ್ಲೇ ಉಳಿದುಬಿಡುವುದರ) ಎಚ್ಚರಿಕೆ ಬರುತ್ತದೆ. ಮಿತಿಯನ್ನು ಏರಿಸುವ ಮೊದಲು, ಪುಟವೋ ಸಂಪರ್ಕವೋ ಮುಚ್ಚಿದಾಗ ಅನ್‌ಸಬ್‌ಸ್ಕ್ರೈಬ್ ನಿಜಕ್ಕೂ ನಡೆಯುತ್ತಿದೆಯೇ ಎಂದು ನೋಡಿ.