ನಮ್ಮ ವಲಯದ ಜಪಸರ, ಏಳು ಹೆಜ್ಜೆ, ಹದಿನಾಲ್ಕು ಬಾಗಿಲು

ಬೆಂಗಳೂರಿನ ಹೊರವಲಯದ ಒಂದು ಕಥೋಲಿಕ ಧರ್ಮಕೇಂದ್ರ ನಮ್ಮದು. ನಾನು ನೋಡಿಕೊಳ್ಳುವ ವಲಯದಲ್ಲಿ 31 ಕುಟುಂಬಗಳಿವೆ. ಭಾನುವಾರ ಚರ್ಚಿನಲ್ಲಿ ಕನ್ನಡ ಪೂಜೆಗೆ ಹೋಗುವವರು ಬೇರೆ, ತಮಿಳಿನದಕ್ಕೆ ಬೇರೆ, ಇಂಗ್ಲಿಷಿನದಕ್ಕೆ ಬೇರೆ. ಮಂಗಳೂರಿನ ಕಡೆಯ ಕೊಂಕಣಿಯವರು ತಿಂಗಳಿಗೊಮ್ಮೆ ತಮ್ಮ ಭಾಷೆಯ ಪೂಜೆಗೆ ಸೇರುತ್ತಾರೆ. ಒಂದೇ ಬೀದಿಯಲ್ಲಿದ್ದರೂ ನಾವೆಲ್ಲ ಒಟ್ಟಿಗೆ ಮೊಣಕಾಲೂರುತ್ತಿದ್ದದ್ದು ಅಕ್ಟೋಬರಿನಲ್ಲಿ, ಮಣಿ ಎಣಿಸುತ್ತಾ ಮಾತೆ ಮರಿಯಳಿಗೆ ಸಲ್ಲಿಸುವ ಮನೆಮನೆಯ ಜಪಸರಕ್ಕೆ ಮಾತ್ರ.

ಆ ಜಪಸರದಲ್ಲೂ ಮುಂದಾಗಿ ಹೇಳುತ್ತಿದ್ದವರು ಮೂರೇ ಮಂದಿ, ಅದರಲ್ಲಿ ನಾನೂ ಒಬ್ಬಳು. ಉಳಿದವರದ್ದು ಪ್ರತಿ ಮಣಿಯ ಪ್ರಾರ್ಥನೆಯಲ್ಲಿ 'ಸಂತ ಮರಿಯಾ' ಎಂಬ ಉತ್ತರಾರ್ಧ. ವರ್ಷಗಟ್ಟಲೆ ಇದು ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಜನ ಕಡಿಮೆಯಾಗುತ್ತಿದ್ದಾರೆ ಎಂದು ಗುರುಗಳ ಹತ್ತಿರ ಹೇಳಿಕೊಂಡಾಗ ಅವರು, "ಬರದೇ ಇರೋರ ಪಟ್ಟಿ ಮಾಡ್ಕೊಂಡು ಬನ್ನಿ ಅಮ್ಮ, ಆಮೇಲೆ ಮಾತಾಡೋಣ" ಅಂದರು. ಪಟ್ಟಿ ಬರೆಯಲು ಕೂತಾಗಲೇ ತಿಳಿದದ್ದು: ಬಾರದವರಲ್ಲಿ ಹೆಚ್ಚಿನವರು ಕನ್ನಡ ಸರಾಗವಾಗಿ ಓದಲು ಬಾರದವರು, ರಾತ್ರಿ ಪಾಳಿಯವರು, ಹಾಸಿಗೆ ಹಿಡಿದವರಿರುವ ಮನೆಯವರು.

ಮೊದಲು ಹಿಡಿದದ್ದು ಏಳು ಹೆಜ್ಜೆಗಳ ಶುಭಸಂದೇಶ ಹಂಚಿಕೆ. ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಲ್ಲಿ ರೂಪುಗೊಂಡ ಪದ್ಧತಿ ಇದು. ಭಾರತದ ಕಿರು ಕ್ರೈಸ್ತ ಸಮುದಾಯಗಳಲ್ಲಿ, ಅಂದರೆ ನೆರೆಹೊರೆಯ ಕುಟುಂಬಗಳ ಗುಂಪುಗಳಲ್ಲಿ, ಬಹಳ ಕಡೆ ಬಳಕೆಯಲ್ಲಿದೆ. ಪ್ರಭುವನ್ನು ಆಹ್ವಾನಿಸುವುದು, ವಾಕ್ಯಭಾಗವನ್ನು ಓದುವುದು, ಮನಸ್ಸಿಗೆ ತಾಗಿದ ಪದವನ್ನೋ ಸಾಲನ್ನೋ ಒಬ್ಬೊಬ್ಬರೇ ಮೂರು ಸಲ, ನಡುವೆ ತುಸು ತಡೆದು, ಗಟ್ಟಿಯಾಗಿ ಹೇಳುವುದು, ಮೌನ, ಮನಸ್ಸಿನಲ್ಲಿ ಮೂಡಿದ್ದನ್ನು ಹಂಚಿಕೊಳ್ಳುವುದು, ನಮ್ಮಿಂದ ಆಗಬೇಕಾದ ಕೆಲಸವೇನೆಂದು ಮಾತಾಡಿಕೊಳ್ಳುವುದು, ಕೊನೆಗೆ ಅವರವರ ಮಾತಿನಲ್ಲೇ ಪ್ರಾರ್ಥನೆ. ಮುನ್ನಡೆಸಲು ಗುರುಗಳೇ ಬೇಕೆಂದಿಲ್ಲ.

ಮೊದಲ ಎರಡು ಸಂಜೆ ಕೆಟ್ಟವು. ಐದನೇ ಹೆಜ್ಜೆಗೆ ಬಂದೊಡನೆ ಒಬ್ಬರು ಅರ್ಧ ಗಂಟೆ ಪ್ರಬೋಧನೆ ಮಾಡಿಬಿಟ್ಟರು. ಅವರನ್ನು ತಡೆಯುವ ಧೈರ್ಯ ನನಗೆ ಬರಲಿಲ್ಲ, ತಪ್ಪು ನನ್ನದು. ಮೂರನೇ ಸಲ ಶುರುವಿಗೇ ಹೇಳಿದೆ: ಇಲ್ಲಿ ಯಾರೂ ಯಾರಿಗೂ ಬೋಧಿಸುವಂತಿಲ್ಲ, 'ನನಗೆ' ಎಂದೇ ಮಾತು ಆರಂಭಿಸಬೇಕು, ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡಬಾರದು. ಈ ಕಟ್ಟು ಹಾಕಿದ ಮೇಲೆ ಪ್ರಾರ್ಥನೆಯ ಹದವೇ ಬದಲಾಯಿತು.

ಅಂದು ಓದಿದ್ದು ಮಾರ್ಕನ ಶುಭಸಂದೇಶ 10ನೇ ಅಧ್ಯಾಯದ ಕುರುಡ ಬಾರ್ತಿಮಾಯನ ಪ್ರಸಂಗ. ದಾರಿ ಬದಿಯಲ್ಲಿ ಕೂತು ಯೇಸುವನ್ನು ಕೂಗುತ್ತಾನೆ. ಸುತ್ತಲಿನವರು ಸುಮ್ಮನಿರು ಎಂದು ಗದರಿಸುತ್ತಾರೆ. ಅವನು ಇನ್ನೂ ಜೋರಾಗಿ ಕೂಗುತ್ತಾನೆ. ಕನ್ನಡದಲ್ಲೂ ತಮಿಳಿನಲ್ಲೂ ಓದಿಸಿದೆವು. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ತಮಿಳಿನ ಪಾಟಿಯೊಬ್ಬರಿಗೆ (ಅಜ್ಜಿಗೆ) ಯಾವ ಲಿಪಿಯೂ ಬಾರದು. ಕೇಳಿಸಿಕೊಂಡದ್ದರಲ್ಲೇ ಅವರು ಆರಿಸಿದ ಮಾತು 'ಸುಮ್ಮನಿರು'. ಮೂರು ಸಲ ಹೇಳಿದರು. ಹಂಚಿಕೊಳ್ಳುವ ಹೊತ್ತಿಗೆ, "ನನಗೆ ಹುಟ್ಟಿದಾಗಿನಿಂದ ಎಲ್ಲರೂ ಹೇಳಿದ್ದು ಇದೇ" ಅಂದು ನಿಲ್ಲಿಸಿದರು. ಆಮೇಲೆ ಬಂದ ಮೌನಕ್ಕೆ ನಾನು ಗಡಿಯಾರ ನೋಡಲಿಲ್ಲ.

ಆರನೇ ಹೆಜ್ಜೆಯಲ್ಲಿ ಆ ದಿನ ತೀರ್ಮಾನವಾದದ್ದು ಒಂದೇ: ಮುಂದಿನ ಅಕ್ಟೋಬರಿನ ಜಪಸರದಲ್ಲಿ ಹತ್ತು ಮಣಿಗೆ ಒಬ್ಬರಂತೆ, ಅವರವರ ಭಾಷೆಯಲ್ಲೇ ಮುನ್ನಡೆಸಬೇಕು. ಈಗ ಒಂದು ಹತ್ತು ಮಣಿ ಕನ್ನಡದ 'ನಮೋ ಮರಿಯಾ', ಮುಂದಿನ ಹತ್ತು ತಮಿಳಿನ 'ಅರುಳ್ ನಿರೈಂದ ಮರಿಯೇ', ಅದರ ಮುಂದಿನದು ಕೊಂಕಣಿಯ 'ನಮಾನ್ ಮೊರಿಯೆ'. ಉತ್ತರಾರ್ಧವನ್ನು ಎಲ್ಲರೂ ತಮಗೆ ಬಂದ ಭಾಷೆಯಲ್ಲಿ ಒಟ್ಟಿಗೆ ಹೇಳುತ್ತೇವೆ. ಗಲಿಬಿಲಿಯಾದೀತೆಂದು ಹೆದರಿದ್ದೆ. ಎಲ್ಲ ಭಾಷೆಯೂ ಕೊನೆಗೆ ಆಮೆನ್‌ಗೆ ಬಂದು ಸೇರುವುದರಿಂದ ಹಾಗಾಗಲಿಲ್ಲ. ಪೂಜೆ ಲ್ಯಾಟಿನ್ನಿನಲ್ಲಿದ್ದ ಕಾಲದಲ್ಲಿ ನಮ್ಮಜ್ಜಿ ಪೂಜೆ ನಡೆಯುತ್ತಿರುವಾಗಲೇ ಕೂತಲ್ಲಿ ಜಪಸರ ಮುಗಿಸುತ್ತಿದ್ದರಂತೆ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಗೆ ಜನರ ಭಾಷೆಯ ಬಾಗಿಲು ತೆರೆಯಿತು. ಆ ವರವೇ ನಮ್ಮನ್ನು ಭಾಷೆಗೊಂದು ಪೂಜೆಯಾಗಿ ಹಂಚಿಹಾಕುವುದು ಬೇಡ ಎಂಬುದು ನನ್ನ ಮನಸ್ಸಿನ ಮಾತು.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಶಿಲುಬೆಯ ಹಾದಿಯನ್ನು, ಅಂದರೆ ಯೇಸುವಿನ ಯಾತನೆಯನ್ನು ಹದಿನಾಲ್ಕು ಕಡೆ ನಿಂತು ಧ್ಯಾನಿಸುವ ಪ್ರಾರ್ಥನೆಯನ್ನು, ಬೀದಿಗೆ ತಂದೆವು. ಹದಿನಾಲ್ಕು ಸ್ಥಳಗಳಿಗೆ ಹದಿನಾಲ್ಕು ಮನೆಬಾಗಿಲು. ನಾನು ಅಂದುಕೊಂಡಿದ್ದಕ್ಕಿಂತ ಹೆಚ್ಚು ಕೊಟ್ಟದ್ದು ಇದೇ. ಯಾವ ಮನೆಗೆ ಯಾವ ಸ್ಥಳ ಎಂದು ವಾರಗಟ್ಟಲೆ ಯೋಚಿಸಿದೆ. ಆರನೆಯದು, ವೆರೋನಿಕ ಯೇಸುವಿನ ಮುಖ ಒರೆಸಿದ್ದು, ಮಲಗಿದಲ್ಲೇ ಇರುವ ಅತ್ತೆಯನ್ನು ನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿರುವ ಸೊಸೆಯ ಮನೆಗೆ. ಅವರು ಬರೆದುಕೊಂಡಿದ್ದ ಪ್ರಾರ್ಥನೆ ಓದದೆ ಒಳಗಿಂದ ಒಂದು ಒದ್ದೆ ಟವೆಲ್ ತಂದು ಮೆಟ್ಟಿಲ ಮೇಲಿಟ್ಟರು. ಅಷ್ಟೇ. ಐದನೆಯದನ್ನು, ಯೇಸುವಿನ ಶಿಲುಬೆ ಹೊರಲು ನೆರವಾದ ಸಿರೇನ್ಯದ ಸಿಮೋನನದನ್ನು, ಪಾಳಿ ಮುಗಿಸಿ ಬಂದು ನಿದ್ದೆ ಬಿಟ್ಟಿದ್ದ ಸೆಕ್ಯುರಿಟಿ ಕೆಲಸದ ಹುಡುಗ ಶಿಲುಬೆ ಹೊತ್ತು ನಡೆಸಿದ. ಮೈಕ್ ಬಳಸಲಿಲ್ಲ. ಪಕ್ಕದ ಮನೆಗಳ ಹಿಂದೂ, ಮುಸ್ಲಿಂ ಅಕ್ಕಂದಿರು ಗೇಟಿಗೆ ಬಂದು ತಲೆಬಾಗಿ ನಿಂತರು.

ಫ್ರಾನ್ಸಿನ ತೇಜೆ ಸಮುದಾಯದ ರೀತಿಯನ್ನೂ ಒಂದು ಶುಕ್ರವಾರ ಮಾಡಿ ನೋಡಿದೆವು. ಈ ಪ್ರಾರ್ಥನಾ ಸಮುದಾಯವನ್ನು ಕಟ್ಟಿದ ಬ್ರದರ್ ರೋಜೆ 1940ರಲ್ಲಿ ಬಂದು ನೆಲೆಸಿದ ಹಳ್ಳಿ ತೇಜೆ. ಒಂದೆರಡು ಸಾಲಿನ ಹಾಡನ್ನು ಮತ್ತೆಮತ್ತೆ ಹಾಡುವುದು, ದೀರ್ಘ ಮೌನ, ನೆಲದ ಮೇಲಿಟ್ಟ ಶಿಲುಬೆಗೆ ಹಣೆ ಹಚ್ಚುವುದು. ನೆಲದಲ್ಲಿ ಕೂರುವುದು ನಮಗೆ ಹೊಸದಲ್ಲ, ಹಾಡನ್ನು ತಿರುತಿರುಗಿ ಹಾಡುವುದು ಭಜನೆಯಿಂದ ಗೊತ್ತು. ಹಾಳು ಮಾಡಿದ್ದು ಕೀಬೋರ್ಡು, ಸ್ಪೀಕರು. ಅವನ್ನು ತೆಗೆದು ಬರೀ ಗಂಟಲಲ್ಲಿ ಹಾಡಿದ ಎರಡನೇ ಸಲ ಮಕ್ಕಳೂ ಐದು ನಿಮಿಷ ಅಲುಗಾಡದೆ ಕೂತರು.

ಆರತಿಯ ವಿಷಯದಲ್ಲಿ ಮಾತ್ರ ನಾನು ಅವಸರ ಮಾಡಿದೆ. ಆರತಿ, ಪಂಚಾಂಗ ಪ್ರಣಾಮದಂಥ ಹನ್ನೆರಡು ಭಾರತೀಯ ಅಂಶಗಳನ್ನು ಪೂಜೆಯಲ್ಲಿ ಬಳಸಲು 1969ರಲ್ಲೇ ರೋಮ್ ಒಪ್ಪಿಗೆ ಕೊಟ್ಟಿದೆ ಎಂದು ನನಗೆ ತಿಳಿದಿತ್ತು, ಹಿರಿಯರಿಗೆ ತಿಳಿದಿರಲಿಲ್ಲ. ವಿವರಿಸದೆ ತಟ್ಟೆ ಎತ್ತಿದ್ದರಿಂದ ಇಬ್ಬರು ಎದ್ದು ಹೋದರು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆರತಿಯನ್ನು ಸದ್ಯಕ್ಕೆ ಬದಿಗಿಟ್ಟಿದ್ದೇವೆ.

ಈಗ ಶನಿವಾರ ಸಂಜೆಗೊಮ್ಮೆ ಬೈಬಲಿನ ಕೀರ್ತನೆಗಳನ್ನು ಹೇಳಲು ತೊಡಗಿದ್ದೇವೆ. ಸಂನ್ಯಾಸಿ ಮಠಗಳಲ್ಲಿ ಮಾಡುವಂತೆ ಎರಡು ಸಾಲಾಗಿ ಎದುರುಬದುರು ಕೂತು, ಒಂದು ಚರಣ ಆ ಕಡೆ, ಒಂದು ಚರಣ ಈ ಕಡೆ. ದಪ್ಪ ಅಕ್ಷರದಲ್ಲಿ ಜೆರಾಕ್ಸ್ ತೆಗೆಸಿದ್ದೇನೆ. ಪಾಟಿಗಾಗಿ ಅವರ ಮೊಮ್ಮಗಳು 23ನೇ ಕೀರ್ತನೆಯನ್ನು ತಮಿಳಿನಲ್ಲಿ ಫೋನಿಗೆ ಓದಿ ಇಟ್ಟಿದ್ದಾಳೆ. ಮೂರು ದಿನದಿಂದ ಅವರು ಅಡುಗೆ ಮಾಡುತ್ತಾ ಅದನ್ನೇ ಕೇಳಿ ಬಾಯಿಪಾಠ ಮಾಡುತ್ತಿದ್ದಾರಂತೆ. ಈ ಶನಿವಾರ ಮೊದಲ ಚರಣ ಅವರದ್ದು.