ಗದ್ದೆ ಬದಿಗೆ ಜೇನುಬೇಲಿ: ಕೀನ್ಯಾದ ಅಳತೆ, ಕೊಡಗಿನ ಮಳೆ

ಜೇನುಪೆಟ್ಟಿಗೆಗಳನ್ನು ಸಾಲಾಗಿ ತೂಗಿ, ತಂತಿಯಿಂದ ಕೂಡಿಸಿ, ಆನೆಯನ್ನು ಜೇನುನೊಣದಿಂದ ತಡೆಯುವ ಬೇಲಿ ರೂಪುಗೊಂಡದ್ದು ಕೀನ್ಯಾದಲ್ಲಿ. ತ್ಸಾವೊ ಪೂರ್ವ ರಾಷ್ಟ್ರೀಯ ಉದ್ಯಾನದ ಅಂಚಿನ ಸಾಗಲ್ಲ ಎಂಬಲ್ಲಿ ಸಂಶೋಧಕಿ ಲೂಸಿ ಕಿಂಗ್ ಮತ್ತು 'ಸೇವ್ ದಿ ಎಲಿಫೆಂಟ್ಸ್' ಸಂಸ್ಥೆ ಸಣ್ಣ ರೈತರ ಹೊಲಗಳ ಸುತ್ತ ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಬೆಳೆ ಬಲಿತ ಕಾಲದಲ್ಲಿ ಬೇಲಿಯವರೆಗೆ ಬಂದ ಆನೆಗಳಲ್ಲಿ ಶೇ 86ರವರೆಗೂ ಒಳನುಗ್ಗದೆ ಹಿಂದಿರುಗಿದವು ಎಂದು 2024ರಲ್ಲಿ ಪ್ರಕಟವಾದ ಅವರ ಅಧ್ಯಯನ ಹೇಳುತ್ತದೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರ ಮಾರ್ಚ್‌ನಲ್ಲಿ ನಾಗರಹೊಳೆ ಅಂಚಿನಲ್ಲಿ ಪೆಟ್ಟಿಗೆ ಇಡಿಸಿ ಕೊಡಗಿಗೂ ಇದನ್ನು ತಂದಿತು. ಆದರೆ ಕೀನ್ಯಾದ ನಕ್ಷೆಯನ್ನು ಹಾಗೇ ಇಲ್ಲಿ ಇಳಿಸಿದರೆ ಬೇಲಿ ಒಂದು ಮಳೆಗಾಲ ದಾಟುವುದಿಲ್ಲ.

ಮೊದಲಿಗೆ ಜಾಗ. ತ್ಸಾವೊದಲ್ಲಿ ಆನೆ ಉದ್ಯಾನದಿಂದ ರಾತ್ರಿ ಬಂದು ಬೆಳಗಾಗುವ ಮೊದಲು ಮರಳುತ್ತದೆ. ಕೊಡಗಿನ ಸಿದ್ದಾಪುರ, ಪಾಲಿಬೆಟ್ಟ, ಮಾಲ್ದಾರೆ ಕಡೆ ಹಾಗಲ್ಲ. ಹಗಲಿಡೀ ಕಾಫಿ ತೋಟದ ನೆರಳಲ್ಲೇ ನಿಂತಿರುವ ಹಿಂಡುಗಳಿವೆ. ಇಡೀ ತೋಟಕ್ಕೆ ಸುತ್ತು ಬೇಲಿ ಹಾಕಿದರೆ ಆನೆಯನ್ನು ಒಳಗೆ ಕೂಡಿಹಾಕಿದಂತಾಗುತ್ತದೆ. ಜೇನುಬೇಲಿ ಹೊಂದುವುದು ಸಣ್ಣ ತುಂಡಿಗೆ: ಭತ್ತದ ಗದ್ದೆ, ಬಾಳೆ ಹಾಕಿದ ಜಾಗ, ಮನೆಯ ಹಿತ್ತಲು. ಹಿಂದಿನಿಂದ ನಡೆಯುತ್ತ ಬಂದ ಆನೆದಾರಿಗೆ ಅಡ್ಡ ಕಟ್ಟಬಾರದು. ಒಂದು ಬದಿಯನ್ನಾದರೂ ಕಾಡಿನ ಕಡೆಗೆ ತೆರವಾಗಿ ಬಿಡಿ. ಹೆದರಿದ ಆನೆಗೆ ಹೊರಹೋಗಲು ಜಾಗ ಕಾಣದಿದ್ದರೆ ಅದು ಲೈನ್‌ಮನೆ (ತೋಟದ ಆಳುಗಳ ಸಾಲುಮನೆ) ಕಡೆಗೇ ನುಗ್ಗುತ್ತದೆ.

ಲೆಕ್ಕ ಸರಳ. ಪೆಟ್ಟಿಗೆಯಿಂದ ಪೆಟ್ಟಿಗೆಗೆ 10 ಮೀಟರ್, ಅಂದರೆ ಸುಮಾರು 33 ಅಡಿ. ಒಂದು ನಿಜದ ಪೆಟ್ಟಿಗೆ, ಪಕ್ಕದ್ದು ಪ್ಲೈವುಡ್ ಹಲಗೆಯ ಹುಸಿ ಪೆಟ್ಟಿಗೆ, ಮತ್ತೆ ನಿಜದ್ದು. ಚೌಕಾಕಾರದ ಒಂದು ಎಕರೆಯ ಸುತ್ತಳತೆ ಸುಮಾರು 254 ಮೀಟರ್. ಇಡೀ ಸುತ್ತು ಕಟ್ಟುವುದಾದರೆ ಸುಮಾರು 12 ನಿಜದ್ದು, 12 ಹುಸಿ ಬೇಕು. ನಮ್ಮ ಗದ್ದೆಗಳು ಕಣಿವೆಯಲ್ಲಿ ಉದ್ದಕ್ಕೆ ಮಲಗಿರುವುದರಿಂದ ಆನೆ ಇಳಿಯುವುದು ಸಾಮಾನ್ಯವಾಗಿ ಎರಡು ಬದಿಯಿಂದ. 130 ಮೀಟರ್ ಕಟ್ಟಿದರೆ ಸಾಕೆಂದಾದರೆ ಏಳು ಜೇನು ಕುಟುಂಬದಲ್ಲಿ (ನೊಣವಿರುವ ಪೆಟ್ಟಿಗೆಯಲ್ಲಿ) ಕೆಲಸ ಮುಗಿಯುತ್ತದೆ. ಕಟ್ಟುವ ಮೊದಲು ಒಂದು ತಿಂಗಳು ಹೆಜ್ಜೆ, ಲದ್ದಿ, ಮುರಿದ ಬದು ನೋಡಿ ಇಳಿಯುವ ಜಾಗಗಳನ್ನು ಗುರುತಿಸಿ. ಹುಸಿ ಪೆಟ್ಟಿಗೆ ಇರುವಲ್ಲೇ ಆನೆಗಳು ಇಳಿಯುವಂತಾದರೆ ಖರ್ಚು ದಂಡ.

ಪ್ರತಿ ಪೆಟ್ಟಿಗೆಗೆ ಎರಡು ಕಂಬ, ಎಂಟಡಿ ಉದ್ದ, ಎರಡಡಿ ಮಣ್ಣಿನೊಳಗೆ. ಎರಡು ಕಂಬಗಳ ನಡುವೆ ಎಂಟಡಿ ಅಂತರ. ಒಣಮರದ ಕಂಬವನ್ನು ಕೊಡಗಿನ ಗೆದ್ದಲು ಬೇಗ ಮುಗಿಸುತ್ತದೆ. ಗ್ಲಿರಿಸಿಡಿಯಾ ಕೊಂಬೆಯನ್ನು ಜೂನ್ ಮೊದಲ ಮಳೆಗೆ ನೆಟ್ಟರೆ ಬೇರು ಬಿಟ್ಟು ಜೀವಂತ ಕಂಬವಾಗುತ್ತದೆ; ಪೆಟ್ಟಿಗೆ ತೂಗುಹಾಕುವುದು ಅದರ ಮುಂದಿನ ವರ್ಷ. ಅವಸರವಿದ್ದರೆ ಕಲ್ಲುಕಂಬ ಅಥವಾ ಕಾಂಕ್ರೀಟ್ ಕಂಬ.

ತೂಗುಹಾಕುವ ವಿಧಾನದಲ್ಲೇ ಹೆಚ್ಚಿನವರು ಎಡವುವುದು. ಕೀನ್ಯಾದಲ್ಲಿ ಬಳಸುವ ಒಂದು ಬಗೆಯ ಪೆಟ್ಟಿಗೆ ಉದ್ದನೆಯ ತೊಟ್ಟಿಯಂತೆ ಒಂದೇ ಮೈ. ನಮ್ಮ ನ್ಯೂಟನ್ ಪೆಟ್ಟಿಗೆ ಹಾಗಲ್ಲ: ಅಡಿಮಣೆ, ಮರಿ ಬೆಳೆಯುವ ಏಳು ಚೌಕಟ್ಟಿನ ಸಂಸಾರ ಕೋಣೆ, ಮೇಲೆ ಜೇನು ಕೋಣೆ, ಮುಚ್ಚಳ, ಎಲ್ಲವೂ ಬಿಡಿಬಿಡಿ. ಹಾಗೇ ತಂತಿ ಕಟ್ಟಿ ನೇತುಹಾಕಿದರೆ ಮೊದಲ ಎಳೆತಕ್ಕೆ ಕೋಣೆಗಳು ಜಾರಿ, ಎರಿಗಳು (ನೊಣ ಕಟ್ಟಿದ ಮೇಣದ ತಟ್ಟೆಗಳು) ಕಿತ್ತು, ರಾಣಿ ನೊಣ ನೆಲಕ್ಕೆ ಬೀಳುತ್ತದೆ. ಆದ್ದರಿಂದ ಮರದ ಎರಡು ರೀಪರ್ ಪಟ್ಟಿಗಳ ಮೇಲೆ ಪೆಟ್ಟಿಗೆ ಕೂರಿಸಿ, ಅಡಿಯಿಂದ ಮುಚ್ಚಳದವರೆಗೆ ನೈಲಾನ್ ಬೆಲ್ಟ್ ಬಿಗಿದು, ರೀಪರ್‌ನ ನಾಲ್ಕು ತುದಿಗಳಿಂದ 10 ಗೇಜಿನ ಜಿಐ ತಂತಿಯಲ್ಲಿ ತೂಗಿ. ಎತ್ತರ ಆಳೆದೆಯಷ್ಟು, ಮುಚ್ಚಳ ತೆಗೆದು ನೋಡಲು ಏಣಿ ಬೇಕಾಗಬಾರದು. ಪೆಟ್ಟಿಗೆಯ ಮುಖ ಪೂರ್ವಕ್ಕಿರಲಿ, ನೈರುತ್ಯದ ಇರಿಚಲು ಬಾಗಿಲಿಗೆ ಹೊಡೆಯಬಾರದು. ಮುಂಭಾಗ ಅರ್ಧ ಇಂಚು ಇಳಿಜಾರಿದ್ದರೆ ಒಳಗೆ ನೀರು ನಿಲ್ಲುವುದಿಲ್ಲ. ಮೇಲೆ ನಾಲ್ಕೂ ಕಡೆ ಆರಿಂಚು ಚಾಚಿದ ತಗಡು ಹಾಕಿ.

ಪೆಟ್ಟಿಗೆಗಳನ್ನು ಕೂಡಿಸುವ ತಂತಿಯನ್ನು ಕಂಬಕ್ಕೆ ಕಟ್ಟಬಾರದು, ತೂಗುತಂತಿಗೇ ಕಟ್ಟಬೇಕು. ಆನೆ ಎದೆಯಿಂದ ತಳ್ಳಿದಾಗ ಎರಡೂ ಬದಿಯ ಪೆಟ್ಟಿಗೆ ಅಲುಗಿ ನೊಣ ಹೊರಬರಬೇಕು, ಅಷ್ಟೇ ಇದರ ಕೆಲಸ. ಜೋಡಣೆಯ ಕೊಂಡಿ ಮಾತ್ರ ತೆಳು ಬೈಂಡಿಂಗ್ ವೈರಿನದಾಗಿರಲಿ. ಜೋರು ಎಳೆತಕ್ಕೆ ಅದು ತುಂಡಾದರೆ ನಷ್ಟ ಒಂದು ಕೊಂಡಿಯದು. ಗಟ್ಟಿ ಗಂಟು ಹಾಕಿದರೆ ನಾಲ್ಕು ಪೆಟ್ಟಿಗೆ ಕಂಬ ಸಮೇತ ಗದ್ದೆಗೆ ಬರುತ್ತವೆ. ಈ ತಂತಿಗೆ ಮನೆಯ ಕರೆಂಟು ಕೊಡುವ ಯೋಚನೆ ಬೇಡವೇ ಬೇಡ. ಆನೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ರಕ್ಷಣೆ ಪಡೆದ ಪ್ರಾಣಿ, ಅಲ್ಲದೆ ಬೆಳಗ್ಗೆ ಆ ತಂತಿಯನ್ನು ಮೊದಲು ಮುಟ್ಟುವುದು ನಿಮ್ಮದೇ ಆಳು.

ಇನ್ನು ನೊಣ. ಆಫ್ರಿಕಾದ ಜೇನುನೊಣ ಮುಂಗೋಪಿ. ಪೆಟ್ಟಿಗೆಯಲ್ಲಿ ಸಾಕುವ ನಮ್ಮ ತುಡುವೆ ಜೇನು ಸಾಧು, ಕಾಟ ಹೆಚ್ಚಾದರೆ ಚುಚ್ಚುವುದಕ್ಕಿಂತ ಗೂಡು ಬಿಟ್ಟು ಹಾರಿಹೋಗುವುದೇ ಅದರ ಸ್ವಭಾವ. ಹೆಜ್ಜೇನಿನ ಕೋಪ ಬೇಕಾದಷ್ಟಿದೆ, ಆದರೆ ಅದು ಪೆಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಹತ್ತಿರ ಗೂಡಿದ್ದರೆ ಅದರ ಪಾಡಿಗೆ ಬಿಡಿ. ತುಡುವೆಯಿಂದ ಆನೆಯ ಕಣ್ಣು, ಸೊಂಡಿಲಿನ ತುದಿಯವರೆಗೆ ಪೆಟ್ಟು ತಲುಪಬೇಕಾದರೆ ಕುಟುಂಬ ಬಲವಾಗಿರಬೇಕು. ಏಳರಲ್ಲಿ ಕನಿಷ್ಠ ಐದು ಎರಿಗಳ ಎರಡೂ ಮೈ ನೊಣ ಮುಚ್ಚಿರಬೇಕು. ಎರಡು ಎರಿಯ ಬಡ ಕುಟುಂಬವೂ ಹುಸಿ ಪೆಟ್ಟಿಗೆಯೂ ಒಂದೇ.

ತೊಡಕು ಇರುವುದು ಕ್ಯಾಲೆಂಡರಿನಲ್ಲಿ. ಹೂಮಳೆ ಬಿದ್ದು ಕಾಫಿ ಅರಳುವ ಮಾರ್ಚ್–ಏಪ್ರಿಲ್‌ನಲ್ಲಿ ಕುಟುಂಬ ತುಂಬಿ ತುಳುಕುತ್ತದೆ, ಆಗ ಗದ್ದೆಯಲ್ಲಿ ಕಾಯಲು ಏನೂ ಇಲ್ಲ. ಭತ್ತ ಹಾಲುಗಟ್ಟಿ ಹುತ್ತರಿಗೆ ಕದಿರು ತೆಗೆಯುವವರೆಗಿನ ದಿನಗಳಲ್ಲಿ ಬೇಲಿ ಬೇಕು. ಆದರೆ ಮಳೆಗಾಲದ ಹಸಿವಿನಿಂದ ಆಗಷ್ಟೇ ಎದ್ದ ಕುಟುಂಬ ಆ ಹೊತ್ತಿಗೆ ಸೊರಗಿರುತ್ತದೆ. ಹಾಗಾಗಿ ಈ ಬೇಲಿಗಾಗಿ ನೀವು ಮಾಡಬೇಕಾದ ನಿಜವಾದ ಕೆಲಸ, ಅಂದರೆ ಕುಟುಂಬ ಉಳಿಸಿಕೊಳ್ಳುವುದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಮೇ ಕೊನೆಯ ಕೊಯ್ಲಿನಲ್ಲಿ ಸಂಸಾರ ಕೋಣೆಯ ಜೇನಿಗೆ ಕೈ ಹಾಕಬೇಡಿ. ಮಳೆ ಹಿಡಿದ ಮೇಲೆ ಸಮ ಪ್ರಮಾಣದ ಸಕ್ಕರೆ–ನೀರಿನ ಪಾಕ ಕಾಯಿಸಿ ಆರಿಸಿ, ಪ್ರತಿ ಕುಟುಂಬಕ್ಕೆ ವಾರಕ್ಕೆ ಸುಮಾರು ಕಾಲು ಲೀಟರ್ ಪೆಟ್ಟಿಗೆಯ ಒಳಗೇ ಇಡಿ, ಅದೂ ಸಂಜೆ. ಹೊರಗೆ ಚೆಲ್ಲಿದರೆ ಬೇರೆ ಕುಟುಂಬದ ನೊಣ ಬಂದು ಲೂಟಿ ಶುರುವಾಗುತ್ತದೆ.

ಜೂನ್ ಗಾಳಿಗೆ ಪೆಟ್ಟಿಗೆಯನ್ನು ನೇತಾಡಲು ಬಿಡಬಾರದು. ಮನೆ ಜಗಲಿಗೆ ಒಯ್ಯಲೂ ಬಾರದು, ಮೇಯಲು ಹೋದ ನೊಣಗಳು ಹಳೆಯ ಜಾಗಕ್ಕೇ ಮರಳಿ ಸಾಯುತ್ತವೆ. ಇದ್ದಲ್ಲೇ ಕೆಳಗಿಳಿಸಿ, ಎರಡಡಿ ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಿ ಬಿಗಿಯಿರಿ. ಅಲ್ಲಿಗೆ ಆನೆ ತಡೆಯುವ ಕೆಲಸ ಆ ಕಾಲಕ್ಕೆ ನಿಂತಂತೆ. ಹಲಸಿನ ಕಾಲದ ಆನೆಗೆ ಜೇನು ಮದ್ದಲ್ಲ. ಮನೆ ಸುತ್ತಿನ ಹಲಸನ್ನು ಮಾರ್ಚ್–ಏಪ್ರಿಲ್‌ನಲ್ಲೇ ಎಳೆಗಾಯಿಯಾಗಿ ಇಳಿಸಿಬಿಡಿ. ಸೆಪ್ಟೆಂಬರ್ ಕೊನೆಗೆ ಮಳೆ ಸಡಿಲಾದಾಗ, ನೊಣ ಗೂಡು ಸೇರಿದ ಮೇಲೆ, ಮತ್ತೆ ತೂಗಿ ತಂತಿ ಕೂಡಿಸಿ.

ಇರುವೆ ತಡೆಯದಿದ್ದರೆ ಮೇಲಿನದೆಲ್ಲ ವ್ಯರ್ಥ. ತೂಗುತಂತಿಗೆ ಅಂಗೈ ಅಗಲ ಗ್ರೀಸ್ ಬಳಿದು ಹದಿನೈದು ದಿನಕ್ಕೊಮ್ಮೆ ಹೊಸದಾಗಿ ಹಚ್ಚಿ. ಪೆಟ್ಟಿಗೆಗೆ ತಾಗುವ ಒಂದೇ ಎಲೆ ಸಾಕು ಚಗಳಿ ಇರುವೆ ದಾಟಲು. ಅಡಿಮಣೆಯ ಪುಡಿಯನ್ನು ವಾರಕ್ಕೊಮ್ಮೆ ಗುಡಿಸದಿದ್ದರೆ ಮೇಣದ ಪತಂಗ ಮೊಟ್ಟೆಯಿಡುತ್ತದೆ. ಮರಿಹುಳು ನೀರು ತುಂಬಿದ ಚೀಲದಂತೆ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನು ನೆಲಕಚ್ಚಿಸಿದ ರೋಗವಿದು. ಅಂಥ ಕುಟುಂಬವನ್ನು ಸಾಲಿನಿಂದ ಬೇರ್ಪಡಿಸಿ, ಅದರ ಎರಿಯನ್ನು ಬೇರೆ ಪೆಟ್ಟಿಗೆಗೆ ಕೊಡಬೇಡಿ.

ಕಾಫಿಗೆ ಕೀಟನಾಶಕ ಹೊಡೆಯುವವರು ಹೂವಿನ ದಿನಗಳನ್ನು ಬಿಟ್ಟು, ಸಂಜೆ ನೊಣ ಒಳಸೇರಿದ ಮೇಲೆ ಹೊಡೆಯಲಿ. ಕೊಯ್ಲಿನ ಆಳುಗಳ ಕಾಲುದಾರಿಯಿಂದ ಸಾಲು ಕನಿಷ್ಠ 30 ಅಡಿ ದೂರವಿರಲಿ. ಚುಚ್ಚಿದಾಗ ಮುಖ ಊದಿ ಉಸಿರು ಕಟ್ಟುವವರು ಯಾರೆಂದು ಮೊದಲೇ ಕೇಳಿ ತಿಳಿದಿಟ್ಟುಕೊಳ್ಳಿ. ಅಂಥದ್ದಾದರೆ ಮನೆಮದ್ದು ಹುಡುಕದೆ ನೇರ ಆಸ್ಪತ್ರೆಗೆ.

ಡಿಸೆಂಬರ್ ಚಳಿಯ ರಾತ್ರಿ ತುಡುವೆ ಮುದ್ದೆಗಟ್ಟಿ ಕೂತಿರುತ್ತದೆ, ಅಲುಗಿಸಿದರೂ ಹೊರಬರುವ ನೊಣ ಕಡಿಮೆ. ಹಾಗಾಗಿ ಕೂಡುತಂತಿಗೆ ಅಲ್ಲಲ್ಲಿ ಖಾಲಿ ಡಬ್ಬ ಕಟ್ಟಿ, ಸದ್ದು ಮನೆಯವರನ್ನು ಎಬ್ಬಿಸಲಿ. ಎಬ್ಬಿಸಿದೊಡನೆ ಟಾರ್ಚು ಹಿಡಿದು ಗದ್ದೆಗೆ ಇಳಿಯಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಅಥವಾ ನಿಮ್ಮ ವಲಯ ಕಚೇರಿಗೆ ತಿಳಿಸಿ. ಒಂಟಿ ಸಲಗವಾದರಂತೂ ಬಾಗಿಲು ತೆರೆಯುವ ಮಾತೇ ಇಲ್ಲ.

ಬೆಳಕು ಹರಿದ ಮೇಲೆ ಸಾಲು ನೋಡಿ. ತುಂಡಾದ ಕೊಂಡಿ ಮತ್ತೆ ಕಟ್ಟಿ, ಓರೆಯಾದ ಪೆಟ್ಟಿಗೆ ನೇರ ಮಾಡಿ, ಬಿದ್ದದ್ದನ್ನು ಅದೇ ಸಂಜೆ ಹೊಗೆ ಹಾಕಿ ತೆರೆದು ರಾಣಿ ಇದೆಯೇ ನೋಡಿ. ಒಂದು ನೋಟುಪುಸ್ತಕದಲ್ಲಿ ತಾರೀಖು, ಎಷ್ಟು ಆನೆ, ಯಾವ ಎರಡು ಪೆಟ್ಟಿಗೆಗಳ ನಡುವೆ, ಹಿಂದಿರುಗಿತೋ ದಾಟಿತೋ ಬರೆದಿಡಿ. ಒಂದೇ ಸಂದಿಯಲ್ಲಿ ಮೂರು ಸಲ ದಾಟಿದ್ದರೆ ಅಲ್ಲಿನ ಹುಸಿ ಪೆಟ್ಟಿಗೆ ತೆಗೆದು, ನೊಣವಿರುವ ಪೆಟ್ಟಿಗೆ ತೂಗಿಸಿ.